ಗಾದಿಲಿಂಗಪ್ಪ ಮಾಸ್ತರರ ಇಂಗ್ಲಿಷ್ ಕವಾಯತು

ಆವತ್ತಿನ ಅನಾಹುತಕ್ಕೆಲ್ಲ ಕಾರಣ ಯರ್ರಿಸ್ವಾಮಿ ಮಾಸ್ತರರ ಒಂದು ದವಡೆ ಹಲ್ಲು.

ಸೋಮವಾರ ಸಂಜೆ ಬರೀ ಜುಮುಜುಮು ಅನ್ನುತ್ತಿದ್ದ ಆ ಹಲ್ಲು ಮಂಗಳವಾರ ಬೆಳಗಾಗುವುದರೊಳಗೆ ಅವರ ಬಲಗೆನ್ನೆಯನ್ನು ಹಬ್ಬದ ಕಡುಬಿನ ಹಾಗೆ ಉಬ್ಬಿಸಿಬಿಟ್ಟಿತ್ತು. ಬಾಯಿ ತೆರೆಯಲು ಬರುವಂತಿರಲಿಲ್ಲ. ತಲೆಗೂ ಗದ್ದಕ್ಕೂ ಸೇರಿಸಿ ಟವೆಲ್ ಕಟ್ಟಿಕೊಂಡು, ಮೊದಲನೇ ಬಸ್ಸಿಗೆ ಹೊಸಪೇಟೆಯ ಹಲ್ಲಿನ ಡಾಕ್ಟರನ್ನು ಹುಡುಕಿಕೊಂಡು ಹೊರಟರು. ಹೋಗುವ ಮುಂಚೆ ಮಾತಾಡಲಾಗದೆ ಒಂದು ಚೀಟಿ ಬರೆದು ಹೆಡ್ಮಾಸ್ತರ ಕೈಗಿಟ್ಟರು.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ಉಂಟು ನಿಲ್ಲದಿದ್ದರೆ ಇಲ್ಲ ಎನ್ನುವಂಥ ಊರು ಕಾರೇಹಟ್ಟಿ. ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಬಲ್ಲವರೆಂದರೆ ಯರ್ರಿಸ್ವಾಮಿ ಮಾಸ್ತರೊಬ್ಬರೇ. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಏಳನೇ ಇಯತ್ತೆಯ ಇಂಗ್ಲಿಷ್ ರಿವಿಜನ್ ನೋಡಲು ಇನ್ಸ್‌ಪೆಕ್ಟರು ಬರುವವರಿದ್ದರು. ಅದು ಎಪ್ಪತ್ತೆಂಟನೇ ಇಸವಿಯ ಫೆಬ್ರವರಿ. ಏಳನೆಯ ಇಯತ್ತೆಯ ಪಬ್ಲಿಕ್ ಪರೀಕ್ಷೆಗೆ ಇನ್ನು ಆರು ವಾರ ಮಾತ್ರ ಉಳಿದಿತ್ತು.

ಹೆಡ್ಮಾಸ್ತರ್ ಬೆನಕಪ್ಪ ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೈದಾನದಲ್ಲಿ ಐದನೇ ಇಯತ್ತೆಯ ಹುಡುಗರನ್ನು ಓಡಿಸುತ್ತಿದ್ದ ಡ್ರಿಲ್ ಮಾಸ್ತರ್ ಗಾದಿಲಿಂಗಪ್ಪನನ್ನು ಒಳಗೆ ಕರೆಸಿದರು.

"ಮಾಸ್ತರ್ರೇ, ಇವತ್ತು ಇಂಗ್ಲಿಷ್ ರಿವಿಜನ್ ನೀವು ತಗಳ್ರಿ."

ಗಾದಿಲಿಂಗಪ್ಪ ಕೊರಳಲ್ಲಿದ್ದ ಸೀಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ನಾನ್ರೀ? ಸಾರ್, ನಾ ಡ್ರಿಲ್ ಮಾಸ್ತರ್ರಿ!"

"ಅದಕ್ಕ ಹೇಳಿದ್ದು. ನಾ ಲೆಕ್ಕದ ಮಾಸ್ತರ, ಹಂಪಮ್ಮ ಟೀಚರ್ ಕನ್ನಡದವರು. ಈ ಸಾಲಿಯಾಗ ದಿನಾ ಬೆಳಿಗ್ಗೆದ್ದು ಇಂಗ್ಲಿಷ್ ಮಾತಾಡೋರು ನೀವೊಬ್ರೇ ಅಲ್ರೀ? ಅಟೆನ್ಷನ್, ಸ್ಟ್ಯಾಂಡ್ ಅಟ್ ಈಸ್, ಎಬೌಟ್ ಟರ್ನ್... ನಾ ಕೇಳೀನಿ. ಏನು ಗತ್ತು, ಏನು ಧ್ವನಿ!"

"ಅವು ಎಂಟೇ ಮಾತ್ರಿ ಸಾರ್. ಒಂಬತ್ತನೇದು ನನಗ ಬರೂದಿಲ್ಲ."

ಬೆನಕಪ್ಪ ಎದ್ದು ಬಂದು ಬಾಗಿಲು ಮುಂದೆ ಮಾಡಿದರು. ಹೋದ ವರ್ಷ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ಇಂಗ್ಲಿಷಿನಲ್ಲಿ ಬಿದ್ದಿದ್ದರು. ಈ ಸಲವೂ ಇನ್ಸ್‌ಪೆಕ್ಟರು ಕೆಟ್ಟದಾಗಿ ಬರೆದು ಹೋದರೆ ಕಾರೇಹಟ್ಟಿಯ ಏಳನೇ ಇಯತ್ತೆಯನ್ನೇ ಮುಚ್ಚಿ, ಮಕ್ಕಳನ್ನು ಆರು ಮೈಲಿ ಆಚೆಯ ಶಾಲೆಗೆ ಸೇರಿಸುವುದೆಂದು ಮೇಲಿನವರು ತೀರ್ಮಾನ ಮಾಡಿಯಾಗಿತ್ತು.

"ಗಂಡುಡುಗ್ರು ಹೆಂಗೋ ನಡಕೊಂಡು ಹೋಗ್ತಾವು," ಬೆನಕಪ್ಪ ಮೆಲ್ಲಗೆ ಹೇಳಿದರು. "ಹನ್ನೊಂದು ಹೆಣ್ಣುಮಕ್ಕಳು ಅದಾವು ನೋಡ್ರಿ. ಅವನ್ನ ಆರು ಮೈಲಿ ಯಾರು ಕಳಿಸ್ತಾರ? ಆ ಭರಮಮ್ಮ ಇದಾಳಲ್ಲ, ಅವರಜ್ಜಿ ಆಗಲೇ ಹೇಳ್ಯಾಳ. ಸಾಲಿ ಮುಚ್ಚಿದ್ರ ನನ್ನ ಮೊಮ್ಮಗಳು ಕುರಿ ಹಿಂದ, ಅಂತ."

ಗಾದಿಲಿಂಗಪ್ಪ ಚೀಟಿ ಇಸಿದುಕೊಂಡು ಹೊರಗೆ ಬಂದ.

ಇಂಗ್ಲಿಷೆಂದರೆ ಅವನಿಗೆ ದ್ವೇಷವೇನೂ ಇರಲಿಲ್ಲ. ಇದ್ದದ್ದು ಬೆರಗು. ಹೊಲದಲ್ಲಿ ಶೇಂಗಾ ಕೀಳುವವರು ತಲೆಯ ಮೇಲೆ ವಿಮಾನ ಹೋದರೆ ಕೆಲಸ ನಿಲ್ಲಿಸಿ, ಹಣೆಗೆ ಕೈ ಅಡ್ಡ ಹಿಡಿದು, ಅದು ಚುಕ್ಕೆಯಾಗುವ ತನಕ ನೋಡಿ, ಮತ್ತೆ ಬಗ್ಗುತ್ತಾರಲ್ಲ, ಹಾಗೆ ಅವನು ಮೂವತ್ತೆಂಟು ವರ್ಷ ಇಂಗ್ಲಿಷನ್ನು ನೋಡಿದ್ದ. ಅದರೊಳಗೆ ಹತ್ತಿ ಕೂರುವವರು ಬೇರೆ ಜನ ಎಂದೇ ತಿಳಿದಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಮೂರನೇ ಸಲಕ್ಕೆ ಮೂವತ್ತೈದು ಅಂಕ ಬಂದಾಗ, ಪೇಪರು ತಿದ್ದಿದ ಪುಣ್ಯಾತ್ಮನಿಗೆ ತನ್ನೂರಾದ ಇಟ್ಟಿಗಿಯ ಮನೆಯಿಂದಲೇ ದಿಕ್ಕಿಗೊಂದು ನಮಸ್ಕಾರ ಹಾಕಿದ್ದ.

ಚೀಟಿಯಲ್ಲಿ ಯರ್ರಿಸ್ವಾಮಿ ಮಾಸ್ತರು ಹಲ್ಲುನೋವಿನಲ್ಲೂ ದುಂಡಗೆ ಬರೆದಿದ್ದರು: ಒಂದು, ಹೇಳುವ ವಾಕ್ಯವನ್ನು ಕೇಳುವ ವಾಕ್ಯ ಮಾಡುವುದು. ಎರಡು, ‘ನಾಟ್’ ಸೇರಿಸಿ ಇಲ್ಲವೆನ್ನುವುದು. ಮೂರು, ಫುಲ್‌ಸ್ಟಾಪು, ಕಾಮಾ, ಪ್ರಶ್ನೆಯ ಗುರುತು. ಉತ್ತರಗಳು ನನ್ನ ನೋಟ್ಸಿನಲ್ಲಿವೆ.

ಶಾಲೆಯ ಸುದ್ದಿ ಕಾರೇಹಟ್ಟಿಯಲ್ಲಿ ಶಾಲೆಯೊಳಗೆ ಉಳಿದದ್ದು ಯಾವತ್ತೂ ಇಲ್ಲ. ಗೇಟಿನ ಎದುರಿಗೇ ಟೇಲರ್ ಓಬಣ್ಣನ ಅಂಗಡಿ. ಪಕ್ಕದಲ್ಲಿ ಸರಕಾರಿ ದವಾಖಾನೆಯ ಕಟ್ಟೆ, ಕಟ್ಟೆಯ ಮೇಲೆ ಕಾಂಪೌಂಡರ್ ಚೌಡಣ್ಣ. ಗಾದಿಲಿಂಗಪ್ಪ ಚಾ ಕುಡಿಯಲೆಂದು ಗೇಟು ದಾಟುವಷ್ಟರಲ್ಲಿ ಇಬ್ಬರಿಗೂ ವಿಷಯ ಗೊತ್ತಾಗಿತ್ತು.

"ಮಾಸ್ತರ, ನೀ ಏನೂ ಅಂಜಬ್ಯಾಡ," ಎಂದ ಚೌಡಣ್ಣ. "ಇಂಗ್ಲಿಷಂದ್ರ ನಾ ದಿನಾ ಕೈಯಾಗ ಹಿಡೀತೀನಿ. ಇದನ್ನ ಬಾಯಿಪಾಠ ಮಾಡು: ಶೇಕ್ ವೆಲ್ ಬಿಫೋರ್ ಯೂಸ್. ಜೋರಾಗಿ ಅಂದ್ರ ಯಾವ ಇನ್ಸ್‌ಪೆಕ್ಟರಾದ್ರೂ ಹಿಂದಕ್ಕ ಸರೀತಾನ."

"ಹಂಗಂದ್ರೇನು?"

"ಚಂದಗೆ ಅಳ್ಳಾಡಿಸು ಅಂತ."

"ಯಾರನ್ನ?"

"ಬಾಟ್ಲಿನಪ್ಪ! ಇನ್ಸ್‌ಪೆಕ್ಟರನ್ನ ಅಳ್ಳಾಡಿಸೀಯ ಮತ್ತ!"

ಓಬಣ್ಣನ ಆಲೋಚನೆ ಬೇರೆ. ಅವನು ಗಾದಿಲಿಂಗಪ್ಪನ ಬಿಳಿ ಬನೀನು, ಖಾಕಿ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿ, "ಈ ಅವತಾರದಾಗ ಇಂಗ್ಲಿಷ್ ಬಂದ್ರೂ ನಂಬಾಕಿಲ್ಲ," ಎಂದು ಒಳಗೆ ಹೋಗಿ ಒಂದು ಕರಿ ಕೋಟು ತಂದ. ಶುಕ್ರವಾರ ಮದುವೆಯಿದ್ದ ಯಾರೋ ವರನಿಗೆ ಹೊಲಿಯುತ್ತಿದ್ದ ಕೋಟು. "ಎಡಗೈ ತೋಳು ಮಾತ್ರ ಹಸಿ ಹೊಲಿಗಿ ಐತಿ. ಆ ಕೈ ಎತ್ತಬ್ಯಾಡ, ಅಷ್ಟೇ."

ಡ್ರಿಲ್ ಮಾಸ್ತರನಿಗೆ ಕೈ ಎತ್ತಬೇಡ ಎಂದರೆ ಮೀನಿಗೆ ಈಜಬೇಡ ಎಂದ ಹಾಗೆ. ಆದರೂ ಗಾದಿಲಿಂಗಪ್ಪ ತೊಟ್ಟುಕೊಂಡ. ಮುಳುಗುವವನು ಕೋಟಿನ ಬಣ್ಣ ಕೇಳುತ್ತಾನೆಯೇ?

ಕೋಟು ತೊಟ್ಟ ಡ್ರಿಲ್ ಮಾಸ್ತರು ಒಳಗೆ ಬಂದ ಕೂಡಲೇ ಏಳನೇ ಇಯತ್ತೆಯ ಮೂವತ್ತನಾಲ್ಕು ಮಕ್ಕಳು ಉಸಿರು ಬಿಗಿಹಿಡಿದು ಎದ್ದು ನಿಂತವು. ಮದುವೆಯ ಗಂಡನ್ನು ನೋಡುವ ಹಾಗೆ ನೋಡಿದವು. ಗಾದಿಲಿಂಗಪ್ಪ ಯರ್ರಿಸ್ವಾಮಿ ಮಾಸ್ತರರ ನೋಟ್ಸು ಬಿಚ್ಚಿ, ಅದರಲ್ಲಿದ್ದ ಮೊದಲ ವಾಕ್ಯವನ್ನು ಬೋರ್ಡಿನ ಮೇಲೆ ಬಲಗೈಯಲ್ಲಿ ಎಚ್ಚರಿಕೆಯಿಂದ ಬರೆದ: ‘ರಾಮು ಈಸ್ ಟಾಲ್.’

"ರಾಮು ಎತ್ತರ ಅದಾನ ಅಂತ," ಎಂದ. ಇಷ್ಟು ಅವನಿಗೆ ಗೊತ್ತಿತ್ತು. "ಈಗ ಇದನ್ನ ಪ್ರಶ್ನಿ ಮಾಡಬೇಕು. ಯಾರು ಮಾಡ್ತೀರಿ?"

ದುರುಗಪ್ಪ ಎದ್ದ. ಇಡೀ ತರಗತಿಯಲ್ಲೇ ಗಿಡ್ಡ ಅವನು. ಎದ್ದರೂ ಕೂತರೂ ಒಂದೇ ಕಾಣುತ್ತಿದ್ದ. "ರಾಮು ಈಸ್ ಟಾಲ್ ಏನು, ಸಾರ್?"

ಮಕ್ಕಳು ನಗಲಿಲ್ಲ. ಅವರೆಲ್ಲರ ಉತ್ತರವೂ ಅದೇ ಆಗಿತ್ತು.

ಗಾದಿಲಿಂಗಪ್ಪ ನೋಟ್ಸಿನಲ್ಲಿ ಉತ್ತರ ನೋಡಿದ. ‘ಈಸ್ ರಾಮು ಟಾಲ್?’ ಎಂದಿತ್ತು. ಹೌದು. ಆದರೆ ಯಾಕೆ? ಅವನು ಬೋರ್ಡಿನ ಕಡೆಗೆ ತಿರುಗಿ ನಿಂತುಬಿಟ್ಟ. ರಾಮು, ಈಸ್, ಟಾಲ್. ಮೂರು ಶಬ್ದ. ಒಂದರ ಪಕ್ಕ ಒಂದು. ನಡುವೆ ಅಷ್ಟಷ್ಟು ಜಾಗ. ನೋಡುತ್ತಾ ನೋಡುತ್ತಾ ಅವನಿಗೆ ಒಂದು ವಿಚಿತ್ರ ಅನ್ನಿಸಿತು. ಇದು ಸಾಲಲ್ಲವೇ? ಮೂವರು ಸಾಲಾಗಿ ನಿಂತಿದ್ದಾರಲ್ಲ!

ಭಾಷೆ ಅಂದರೆ ಅವನಿಗೆ ಗೊತ್ತಿರಲಿಲ್ಲ. ಸಾಲು ಅಂದರೆ ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ಸಾಲು ನಿಲ್ಲಿಸಿಯೇ ಅವನು ಅನ್ನ ಉಂಡಿದ್ದ.

ಪೀ... ಎಂದು ಸೀಟಿ ಊದಿದ. "ಎಲ್ಲಾರೂ ಪಾಟಿ ಬಳಪ ತಗೊಂಡು ಗ್ರೌಂಡಿಗೆ ನಡೀರಿ!"

ಮೈದಾನದ ಬೇವಿನ ಮರದ ಕೆಳಗೆ ಮೂವರು ಹುಡುಗರು ಪಾಟಿಯನ್ನು ಎದೆಗೆ ಹಿಡಿದು ನಿಂತರು. ಒಂದೊಂದು ಪಾಟಿಯ ಮೇಲೆ ಒಂದೊಂದು ಶಬ್ದ. ವಾಕ್ಯದ ಮೊದಲಿನ ಶಬ್ದಕ್ಕೆ ದೊಡ್ಡ ಅಕ್ಷರ ಬರಬೇಕೆಂದು ಮೊದಲನೆಯವನು ತುದಿಗಾಲ ಮೇಲೆ ನಿಂತ. ಕೊನೆಯಲ್ಲಿ ಒಬ್ಬ ಕುಕ್ಕರಗಾಲಲ್ಲಿ ಮುದುರಿ ಕೂತ. ಅವನೇ ಫುಲ್‌ಸ್ಟಾಪು.

"ಸ್ಕ್ವಾಡ್... ಅಟೆನ್ಷನ್! ಕ್ವೆಶ್ಚನ್... ಟರ್ನ್!"

ಯಾರೂ ಅಲುಗಲಿಲ್ಲ. ಹಾಗೊಂದು ಆರ್ಡರು ಲೋಕದಲ್ಲೇ ಇರಲಿಲ್ಲ. ಗಾದಿಲಿಂಗಪ್ಪ ತಾನೇ ಹೋಗಿ ‘ಈಸ್’ ಹುಡುಗನ ಭುಜ ಹಿಡಿದು, ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಎಡಕ್ಕೆ ನಡೆಸಿ, ರಾಮುವಿನ ಆಚೆ ನಿಲ್ಲಿಸಿದ. ಅವನು ತುದಿಗಾಲಿಗೆ ಎದ್ದ. ಕೊನೆಯ ಫುಲ್‌ಸ್ಟಾಪಿನವನು ಎದ್ದು, ಬೆನ್ನು ಬಗ್ಗಿಸಿ, ತಲೆಯ ಮೇಲೆ ಕೈ ಕೊಕ್ಕೆ ಮಾಡಿ ಪ್ರಶ್ನೆಯ ಗುರುತಾದ.

‘ಈಸ್ ರಾಮು ಟಾಲ್?’

ಮಕ್ಕಳು ಗಟ್ಟಿಯಾಗಿ ಓದಿದವು. ಗಾದಿಲಿಂಗಪ್ಪ ಹಿಂದೆ ಸರಿದು ನಿಂತು ನೋಡಿದ. ಮೈ ಜುಮ್ ಎಂದಿತು. ಅದೇ ಮೂವರು, ಹೊಸಬರು ಯಾರೂ ಬಂದಿಲ್ಲ. ಒಬ್ಬ ಜಾಗ ಬದಲಿಸಿದ, ಇಡೀ ಮಾತು ಹೇಳುವುದನ್ನು ಬಿಟ್ಟು ಕೇಳಲು ಶುರು ಮಾಡಿತು!

"ಏ ಹುಡುಗ್ರಾ," ಅವನ ಧ್ವನಿಯೇ ಬದಲಾಗಿತ್ತು. "ನೋಡ್ರಲೇ. ನಮ್ಮ ಕನ್ನಡದಾಗ ಪ್ರಶ್ನಿ ಬಾಲದಾಗ ಇರತೈತಿ. ರಾಮು ಎತ್ತರ ಅದಾನೇನು, ಅಂತೀವಿ. ಇಂಗ್ಲಿಷಿನಾಗ ಪ್ರಶ್ನಿ ತಲಿಯಾಗ ಇರತೈತಿ! ಬಾಯಿ ತೆಗೆದ ಕೂಡ್ಲೇ ಗೊತ್ತಾಗತೈತಿ, ಇವ ಏನೋ ಕೇಳಾಕ ಬಂದಾನ ಅಂತ!"

ಇದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಮೂವತ್ತೆಂಟು ವರ್ಷ ತಲೆಯ ಮೇಲೆ ಹಾರಿದ್ದ ವಿಮಾನ ಬೇವಿನ ಮರದ ಕೆಳಗೆ ಬಂದು ಇಳಿದು, ಬಾಗಿಲು ತೆಗೆದು ನಿಂತ ಹಾಗಾಯಿತು.

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಸಾಲನ್ನು ಮೊದಲಿನಂತೆ ನಿಲ್ಲಿಸಿ, ‘ನಾಟ್’ ಎಂದು ಬರೆದ ಪಾಟಿಯನ್ನು ದುರುಗಪ್ಪನ ಕೈಗೆ ಕೊಟ್ಟು ‘ಈಸ್’ ಪಕ್ಕ ನುಗ್ಗಿಸಿದ. ರಾಮು ಈಸ್ ನಾಟ್ ಟಾಲ್. ಅಷ್ಟೆತ್ತರದ ರಾಮು ಒಂದೇ ಕ್ಷಣದಲ್ಲಿ ಗಿಡ್ಡನಾದ.

ಶಾಲೆಯ ಮೋಟುಗೋಡೆಯ ಆಚೆ ಕುರಿ ಬಿಟ್ಟುಕೊಂಡು ನಿಂತಿದ್ದ ಭರಮಮ್ಮನ ಅಜ್ಜಿ ಗಾದೆಮ್ಮ ಕೋಲಿನ ಮೇಲೆ ಗದ್ದ ಊರಿ ಇದನ್ನೆಲ್ಲ ನೋಡುತ್ತಿದ್ದಳು. "ಏ ಮಾಸ್ತರಪ್ಪ," ಎಂದು ಕೂಗಿದಳು. "ಆ ಮೊಳದುದ್ದ ಹುಡುಗ ಬಂದು ನಿಂತ್ರ ಅಷ್ಟು ಮಂದಿ ಮಾತು ಸುಳ್ಳಾತೇನು?"

"ಹೂನಬೇ!"

"ಯವ್ವಾ ನನ್ನವ್ವಾ!" ಎಂದು ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಏನು ಶಿಸ್ತೈತಪ್ಪ ಆ ಮಾತಿಗೆ! ನನ್ನ ಕುರಿಗೆ ಇಷ್ಟಿದ್ರ ಸಾಕಿತ್ತು."

ಊಟದ ಬೆಲ್ಲು ಹೊಡೆದರೂ ಮಕ್ಕಳು ಅಲುಗಲಿಲ್ಲ. ಎರಡು ಗಂಟೆಯ ಹೊತ್ತಿಗೆ ಗೋಡೆಯುದ್ದಕ್ಕೂ ಜನ ನಿಂತಿದ್ದರು. ಕೊಟ್ಟೂರಿನ ಬಸ್ಸು ನಿಂತು, ಕಂಡಕ್ಟರು ಫುಟ್‌ಬೋರ್ಡಿನ ಮೇಲಿಂದ ಒಂದು ಪೂರ್ತಿ ಪ್ರಶ್ನೆ ನೋಡಿಕೊಂಡೇ ರೈಟ್ ಎಂದ. ತಮ್ಮ ಮಕ್ಕಳು ಎದೆಯ ಮೇಲೆ ಇಂಗ್ಲಿಷ್ ಹೊತ್ತುಕೊಂಡು ಅಟೆನ್ಷನ್ ನಿಂತಿದ್ದನ್ನು ನೋಡಿ ತಾಯಂದಿರು ಮಾತು ಮರೆತಿದ್ದರು. ನೀರಿನ ಕೊಡ ಹೊತ್ತ ಒಬ್ಬಾಕೆ ಕೊಡ ಇಳಿಸುವುದನ್ನೂ ಮರೆತಿದ್ದಳು.

ಚೀಟಿಯ ಮೂರನೆಯದರಲ್ಲಿ ಉಳಿದದ್ದು ಕಾಮಾ. ನೋಟ್ಸಿನಲ್ಲಿದ್ದ ವಾಕ್ಯ ‘ಎಸ್, ಸಾರ್.’ ಅದಕ್ಕೆ ಕೂತೂ ಕೂಡದ, ನಿಂತೂ ನಿಲ್ಲದ ಒಬ್ಬ ಮನುಷ್ಯ ಬೇಕಾಗಿತ್ತು. ಗಾದಿಲಿಂಗಪ್ಪ ಹುಡುಗರ ಕಡೆ ನೋಡುವಷ್ಟರಲ್ಲಿ ಓಬಣ್ಣ ಗೇಟು ದಾಟಿ ಬಂದ.

"ನಾ ಆಗ್ತೀನಿ ತಡಿ."

"ನೀನ್ಯಾಕೋ ಓಬಣ್ಣ?"

"ನನ್ನ ಕೋಟು ಹಾಕ್ಕೊಂಡು ಪಾಠ ಮಾಡ್ತೀಯ, ನಾ ಒಂದು ಕಾಮಾನೂ ಆಗಬಾರದೇನು?"

ಓಬಣ್ಣ ‘ಎಸ್’ ಮತ್ತು ‘ಸಾರ್’ ನಡುವೆ ನಿಂತು ಮೊಣಕಾಲು ಅರ್ಧ ಬಗ್ಗಿಸಿದ. ಮಕ್ಕಳು "ಎಸ್" ಎಂದವು, ಓಬಣ್ಣನನ್ನು ನೋಡಿ ಒಂದು ಉಸಿರು ತಡೆದವು, "ಸಾರ್" ಎಂದವು. ಜನ ಚಪ್ಪಾಳೆ ಹೊಡೆದರು. ಹಿಗ್ಗಿದ ಗಾದಿಲಿಂಗಪ್ಪ ಎರಡೂ ಕೈ ಮೇಲೆತ್ತಿ, "ಸ್ಕ್ವಾಡ್... ಡಿಸ್‌ಪರ್ಸ್!" ಎಂದ. ಪರ್ ಎಂದಿತು. ಎಡತೋಳು ಕಳಚಿ ಮೊಣಕೈಗೆ ಬಂದು ಜೋತುಬಿತ್ತು.

"ಅಯ್ಯಯ್ಯೋ, ಶುಕ್ರವಾರದ ಕೋಟು!" ಎಂದು ಓಬಣ್ಣ ಅರಚಿದ. ಆದರೆ ಓಡಿ ಬರಲಿಲ್ಲ. ಮುಖ ಹಿಂಡಿಕೊಂಡು ಅಲ್ಲೇ ಅರ್ಧ ಬಗ್ಗಿ ನಿಂತಿದ್ದ. "ಮಾಸ್ತರ... ಮೊಣಕಾಲು ಹಿಡಕೊಂಡೈತಿ. ಈ ಕಾಮಾಕ್ಕ ಏಳಾಕ ಬರವಲ್ದು."

ಚೌಡಣ್ಣ ಕಟ್ಟೆಯಿಂದ ಇಳಿದು ಬಂದ. ಇನ್ನೊಬ್ಬನೂ ಸೇರಿಕೊಂಡ. ಇಬ್ಬರೂ ಕಾಮಾವನ್ನು ಇದ್ದ ಆಕಾರದಲ್ಲೇ ಎತ್ತಿ ದವಾಖಾನೆಯ ಕಟ್ಟೆಯ ಮೇಲೆ ಇಟ್ಟು ಬಂದರು.

ಇಷ್ಟು ಗದ್ದಲದಲ್ಲಿ ನೋಟ್ಸು ಹಿಡಿದು ಸುಮ್ಮನೆ ನಿಂತಿದ್ದವಳು ಭರಮಮ್ಮ. ಎರಡು ಜಡೆಯ, ಮಾತು ಕಡಿಮೆಯ ಹುಡುಗಿ. ಅವಳು ಪುಟದ ಮೇಲೆ ಬೆರಳಿಟ್ಟುಕೊಂಡು ಬಂದಳು.

"ಸಾರ್, ಇಲ್ಲಿ ಇನ್ನೊಂದು ಐತ್ರಿ. ‘ಸೀತಾ ಸಿಂಗ್ಸ್.’ ಸೀತಾ ಹಾಡ್ತಾಳ. ಇದಕ್ಕ ಪ್ರಶ್ನಿ ‘ಡಸ್ ಸೀತಾ ಸಿಂಗ್?’ ಅಂತ ಬರದಾರ. ಇದ್ರಾಗ ‘ಈಸ್’ ಇಲ್ಲಲ್ರೀ. ಈ ‘ಡಸ್’ ಎಲ್ಲಿಂದ ಬಂತು?"

ಗಾದಿಲಿಂಗಪ್ಪ ಪುಟ ನೋಡಿದ. ಆಕಾಶ ನೋಡಿದ. ಜಾಗ ಬದಲಿಸಲು ಅಲ್ಲಿ ಯಾರೂ ಇರಲಿಲ್ಲ. ಕರೆಯದೆ ಬಂದ ನೆಂಟನ ಹಾಗೆ ‘ಡಸ್’ ಅಂತ ಒಬ್ಬ ಮುಂದೆ ನಿಂತಿದ್ದಾನೆ. ಮೇಲಾಗಿ ‘ಸಿಂಗ್ಸ್’ ಬಾಲದಲ್ಲಿದ್ದ ‘ಎಸ್’ ಅಕ್ಷರ ಕಾಣೆಯಾಗಿದೆ. ವಿಮಾನ ಮತ್ತೆ ಹಾರಿಹೋಗುವ ಸದ್ದು ಅವನ ಕಿವಿಗೆ ಕೇಳಿಸಿತು.

"ಗೊತ್ತಿಲ್ಲವ್ವ," ಎಂದ. ಹೇಳಿದ ಮೇಲೆ ಹಗುರೆನಿಸಿತು. "ನನಗ ಗೊತ್ತಿಲ್ಲ. ನಿಲ್ಲಿಸಿ ನೋಡೋಣ."

ಒಬ್ಬ ಹುಡುಗಿ ‘ಸೀತಾ’ ಆಗಿ ನಿಂತಳು. ಇನ್ನೊಬ್ಬಳು ‘ಸಿಂಗ್’. ಅವಳ ಕೈ ಹಿಡಿದುಕೊಂಡು ‘ಎಸ್’ ಆಗಿ ಗಿಡ್ಡ ದುರುಗಪ್ಪ. ಭರಮಮ್ಮ ಸಾಲನ್ನು ನೋಡಿದಳು, ಪುಟ ನೋಡಿದಳು, ಮತ್ತೆ ಸಾಲು ನೋಡಿದಳು. ಅವಳ ಕಣ್ಣು ದೊಡ್ಡದಾಯಿತು.

"ಸಾರ್! ‘ಎಸ್’ ಕಳೆದಿಲ್ರಿ! ಅದು ಮುಂದಕ್ಕ ಹೋಗೇತ್ರಿ!"

"ಎಲ್ಲಿಗೆ?"

"ಬರ್ರಿ ತೋರಸ್ತೀನಿ." ಅವಳು ಒಂದು ಪಾಟಿಯ ಮೇಲೆ ‘ಡೂ’ ಎಂದು ಬರೆದು ತಾನೇ ಎದೆಗೆ ಹಿಡಿದು, ಸಾಲಿನಿಂದ ಹೊರಗೆ, ಬೇವಿನ ಮರದ ಹತ್ತಿರ ನಿಂತಳು. "ಈ ‘ಡೂ’ ಯಾವಾಗ್ಲೂ ಹೊರಗ ಕಾಯ್ಕೊಂಡು ನಿಂತಿರತಾನ್ರಿ. ಪ್ರಶ್ನಿ ಬಂತಂದ್ರ ಓಡಿ ಬರತಾನ. ಒಬ್ಬನೇ ಮುಂದ ನಿಲ್ಲಾಕ ಅವಗ ಅಂಜಿಕಿ. ಅದಕ್ಕ ಹಿಂದ ಹೋಗಿ ‘ಎಸ್’ ಕೈ ಹಿಡಕೊಂಡು ಬರತಾನ." ಓಡಿ ಹೋಗಿ, ‘ಸಿಂಗ್’ ಕೈಯಿಂದ ದುರುಗಪ್ಪನನ್ನು ಬಿಡಿಸಿ, ಎಳೆದುಕೊಂಡು ಬಂದು ಸೀತಾಳ ಮುಂದೆ ನಿಂತಳು. "ಡಸ್ ಸೀತಾ ಸಿಂಗ್?"

ಗಾದಿಲಿಂಗಪ್ಪ ಆ ಹುಡುಗಿಯನ್ನು ನೋಡುತ್ತಲೇ ನಿಂತ. ಯಾರೂ ಹೇಳದೆ, ಬರೀ ನಿಂತವರನ್ನು ನೋಡಿ, ಹದಿಮೂರು ವರ್ಷದ ಕುರಿಗಾರರ ಹುಡುಗಿ ಆ ಭಾಷೆಯ ಹೊಟ್ಟೆಯೊಳಗೆ ಕೈ ಹಾಕಿ ಅಲ್ಲಿದ್ದದ್ದನ್ನು ತೆಗೆದು ತೋರಿಸಿದ್ದಳು. ಅವನ ಕಣ್ಣಲ್ಲಿ ನೀರು ಬಂತು. ಜೋತುಬಿದ್ದ ತೋಳಿನಲ್ಲೇ ಒರೆಸಿಕೊಂಡ.

ಗೋಡೆಯಾಚೆ ಗಾದೆಮ್ಮ ಮೆಲ್ಲಗೆ ಹೇಳಿದಳು: "ತಾಯಿ ಬಿಟ್ಟು ಮುಂದಿನ ಕುರಿ ಹಿಂದ ಬಿದ್ದ ಮರಿ ಹಂಗಾತಲ್ಲೋ. ನನ್ನ ಮೊಮ್ಮಗಳಿಗೆ ಹೊಳೀದ ಇನ್ಯಾರಿಗೆ ಹೊಳದೀತು!"

"ಇನ್ನೊಂದು ಸಲ ಮಾಡಸ್ರಿ," ಎಂದಿತು ಒಂದು ಗಂಭೀರ ಧ್ವನಿ.

ಎಲ್ಲರೂ ತಿರುಗಿದರು. ಗೇಟಿನ ಹತ್ತಿರ ಜೀಪು ನಿಂತಿತ್ತು. ಅದು ಬಂದದ್ದು ಒಬ್ಬರಿಗೂ ಗೊತ್ತಾಗಿರಲಿಲ್ಲ. ಬಿಳಿ ಪ್ಯಾಂಟು, ಬಿಳಿ ಶರ್ಟು, ಕಂಕುಳಲ್ಲಿ ಫೈಲು. ಇನ್ಸ್‌ಪೆಕ್ಟರ್ ಪಾಲಾಕ್ಷಪ್ಪನವರು. ಅವರ ಹಿಂದೆ ಹೆಡ್ಮಾಸ್ತರ್ ಬೆನಕಪ್ಪ ಮುಖದಲ್ಲಿ ರಕ್ತವಿಲ್ಲದೆ ನಿಂತಿದ್ದರು.

ಗಾದಿಲಿಂಗಪ್ಪ ಇನ್ನೊಂದು ಸಲ ಮಾಡಿಸಿದ. ಇನ್ಸ್‌ಪೆಕ್ಟರು ನಗಲಿಲ್ಲ, ತಲೆಯಾಡಿಸಲಿಲ್ಲ. "ಮತ್ತೊಂದು ಸಲ," ಎಂದರು. ಮತ್ತೆ ಮಾಡಿಸಿದ. ಅವರು ಜೇಬಿನಿಂದ ಪೆನ್ನು ತೆಗೆದು, ಫೈಲಿನ ಬೆನ್ನ ಮೇಲೆ ಏನೇನೋ ಬರೆದುಕೊಂಡರು. ಗೆರೆ ಎಳೆದರು. ಬಾಣದ ಗುರುತು ಹಾಕಿದರು. ಬೆನಕಪ್ಪ ಪ್ರತಿಯೊಂದು ಗೆರೆಗೂ ಒಂದೊಂದು ಸಲ ಕಣ್ಣು ಮುಚ್ಚಿ ತೆಗೆದರು.

"ಡ್ರಿಲ್ ಮಾಸ್ತರ್ ಇಂಗ್ಲಿಷ್ ತಗೊಂಡಿದ್ದು ಯಾರ ಆರ್ಡರಿನ ಮ್ಯಾಲ?"

"ನ... ನನ್ನದ್ರಿ ಸಾರ್," ಎಂದರು ಬೆನಕಪ್ಪ.

ಇನ್ಸ್‌ಪೆಕ್ಟರು ಇಬ್ಬರೂ ಮಾಸ್ತರರನ್ನು ಕರೆದುಕೊಂಡು ಆಫೀಸು ಕೋಣೆಗೆ ಹೋಗಿ, ವಿಸಿಟ್ ಬುಕ್ಕು ತರಿಸಿ, ಒಂದೇ ಉಸಿರಿಗೆ ಕನ್ನಡದಲ್ಲಿ ಬರೆದರು: ‘ಇಂಥ ಪಾಠವನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ. ಈ ಶಾಲೆಯ ಏಳನೆಯ ತರಗತಿಯನ್ನು ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲ.’ ಸಹಿ ಹಾಕಿ, ಸೀಲು ಒತ್ತಿದರು.

ಬೆನಕಪ್ಪ ಬುಕ್ಕನ್ನು ಎತ್ತಿಕೊಂಡು ಹೊರಗೆ ಓಡಿ, ಶಾಲೆಯ ಕಟ್ಟೆಯ ಮೇಲೆ ನಿಂತು ಊರಿಗೆ ಕೇಳುವ ಹಾಗೆ ಓದಿದರು. ಗಾದೆಮ್ಮ ಗೋಡೆಯ ಮೇಲಿಂದಲೇ ಇನ್ಸ್‌ಪೆಕ್ಟರ ಕೋಣೆಯ ದಿಕ್ಕಿಗೆ ನೆಟಿಗೆ ಮುರಿದು ದೃಷ್ಟಿ ತೆಗೆದಳು.

ಕೋಣೆಯಲ್ಲಿ ಉಳಿದವರು ಇಬ್ಬರೇ. ಗಾದಿಲಿಂಗಪ್ಪನಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಆ ಮನುಷ್ಯ ಹೊಗಳಿದ್ದು ತನ್ನಲ್ಲಿಲ್ಲದ ವಿದ್ಯೆಯನ್ನು. ಸುಮ್ಮನಿದ್ದರೆ ಮೋಸವಾಗುತ್ತದೆ. ಅವನು ಅಟೆನ್ಷನ್ ನಿಂತುಕೊಂಡ.

"ಸಾರ್, ತಪ್ಪು ತಿಳೀಬ್ಯಾಡ್ರಿ. ಒಂದು ನಿಜ ಹೇಳಬೇಕು. ನನಗ ಇಂಗ್ಲಿಷ್ ಬರೂದಿಲ್ರಿ."

ಪಾಲಾಕ್ಷಪ್ಪನವರು ತಟ್ಟನೆ ಎದ್ದರು. ಕಿಟಕಿಯಿಂದ ಹೊರಗೆ ನೋಡಿದರು. ಕಿಟಕಿ ಹಾಕಿದರು, ಬಾಗಿಲು ಹಾಕಿದರು. ಅವನ ತೀರ ಹತ್ತಿರ ಬಂದರು.

"ಮೆಲ್ಲಕ ಮಾತಾಡ್ರಿ ಮಾಸ್ತರ್ರೇ," ಎಂದರು. "ನನಗೂ ಬರೂದಿಲ್ಲ."

ಗಾದಿಲಿಂಗಪ್ಪನ ಅಟೆನ್ಷನ್ ತಾನಾಗಿಯೇ ಸ್ಟ್ಯಾಂಡ್ ಅಟ್ ಈಸ್ ಆಯಿತು.

"ನಾ ಚಿಗಟೇರಿ ಕಡೆಯವನು. ಇಪ್ಪತ್ತು ವರ್ಷ ಕನ್ನಡ ಪಂಡಿತನಾಗಿದ್ದೆ. ಪ್ರಮೋಷನ್ ಕೊಟ್ಟು ಇನ್ಸ್‌ಪೆಕ್ಟರ್ ಮಾಡಿದ್ರು. ಎಲ್ಲಾ ವಿಷಯಾನೂ ನೋಡಬೇಕು ಅಂದ್ರು. ನೋಡ್ತೀನಿ. ನೋಡಾಕೇನು, ಕಣ್ಣಿದ್ರ ಆತು." ಅವರು ಕುರ್ಚಿಯಲ್ಲಿ ಕುಸಿದು ಕೂತರು. ಬಿಳಿ ಶರ್ಟಿನೊಳಗೆ ಮನುಷ್ಯ ಅರ್ಧ ಸಣ್ಣಗಾದ ಹಾಗೆ ಕಂಡಿತು. "ನಾ ಇವತ್ತು ತಪಾಸಣಿಗೆ ಬಂದಾವ ಅಲ್ರಿ. ಪಾಠ ಹುಡುಕ್ಕೊಂಡು ಬಂದಾವ. ನಾಳೆ ಹತ್ತು ಗಂಟಿಗೆ ಹರಪನಹಳ್ಳಿಯಾಗ ಐದು ಕಡೆಯ ಇಂಗ್ಲಿಷ್ ಮಾಸ್ತರುಗಳು ಸೇರ್ತಾರ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ರಿವಿಜನ್ ಹೆಂಗ ಮಾಡಬೇಕು ಅಂತ ಒಂದು ಮಾದರಿ ಪಾಠ ಆಗಬೇಕು. ಮಾಡಿ ತೋರಸೋನು ನಾನು ಅಂತ ಬಳ್ಳಾರಿಯಿಂದ ಆರ್ಡರ್ ಬಂದೈತಿ."

"ಸಾರ್..."

"ಎಂಟು ದಿನದಿಂದ ಜೀಪಿನಾಗ ತಿರುಗಾಕ ಹತ್ತೀನಿ. ಯಾವ ಸಾಲಿಗೆ ಹೋದ್ರೂ ಹಿಂದಿನ ಬೆಂಚಿನ್ಯಾಗ ಕುಂತು ಕೇಳ್ತೀನಿ. ಒಂದಕ್ಷರ ತಲಿಗೆ ಹತ್ತಲಿಲ್ಲ. ಇವತ್ತು ಆ ಹುಡುಗಿ ‘ಎಸ್’ ಕೈ ಹಿಡಕೊಂಡು ಮುಂದ ಬಂದ್ಳಲ್ಲ..." ಅವರು ಕನ್ನಡಕ ತೆಗೆದರು. "ಐವತ್ತೊಂದು ವರ್ಷಕ್ಕ ನನಗ ಒಂದು ಇಂಗ್ಲಿಷ್ ವಾಕ್ಯ ತಿಳೀತ್ರಿ ಮಾಸ್ತರ್ರೇ. ಮೈಯಾಗ ಮುಳ್ಳೆದ್ದವು."

ಆ ಬೆರಗಿನ ರುಚಿ ಗಾದಿಲಿಂಗಪ್ಪನಿಗೂ ಗೊತ್ತಿತ್ತು. ತನ್ನ ಹಾಗೇ ಹೊಲದಲ್ಲಿ ನಿಂತು ಕತ್ತೆತ್ತಿ ನೋಡಿದ ಇನ್ನೊಬ್ಬ ಮನುಷ್ಯ ಎದುರಿಗೆ ಕೂತಿದ್ದ.

"ಹಂಗಾದ್ರ ಒಳ್ಳೇದಾತ್ರಿ ಸಾರ್," ಎಂದ ಕೊನೆಗೆ. "ನೀವು ಬರಕೊಂಡೀರಿ. ನಾಳೆ ನೀವ ಮಾಡಿ ತೋರಸ್ರಿ."

"ನಾ ಯಾಕ ಮಾಡಲಿ? ನಿಮ್ಮನ್ನ ಕರಕೊಂಡು ಹೋಗ್ತೀನಿ. ಹತ್ರಿ ಜೀಪು."

"ಸಾರ್! ನನಗ ಬರೂದಿಲ್ಲ ಅಂತ ಈಗ ಹೇಳಿದ್ನಲ್ರೀ! ನಮ್ಮ ಯರ್ರಿಸ್ವಾಮಿ ಮಾಸ್ತರನ್ನ ಕರಕೊಂಡು ಹೋಗ್ರಿ. ಅವರಿಗೆ ಬರತೈತಿ."

"ಬರೋರು ಬ್ಯಾಡ್ರಿ. ಬರೋರು ಹೇಳಿದ್ದು ಬಾರದೋರಿಗೆ ತಿಳಿಯೂದಿಲ್ಲ, ಎಂಟು ದಿನ ನೋಡೀನಿ." ಪಾಲಾಕ್ಷಪ್ಪನವರು ಮತ್ತೆ ಇನ್ಸ್‌ಪೆಕ್ಟರಾಗಿ ಎದ್ದು ನಿಂತರು. "ನಾಳೆ ಒಂದೇ ದಿನ ಅಂತ ತಿಳೀಬ್ಯಾಡ್ರಿ. ಪರೀಕ್ಷಿ ಮುಗಿಯೋ ತನಕ ವಾರಕ್ಕೊಂದು ಕಡೆ. ಡ್ರಿಲ್ಲು ಬಿಟ್ಟು ಇಂಗ್ಲಿಷಿಗೆ ಹಾಕಿ ಈಗಿಂದೀಗ್ಲೇ ಆರ್ಡರ್ ಮಾಡ್ತೀನಿ. ಇದು ಕೇಳಾಕ ಬಂದದ್ದಲ್ಲ, ಹೇಳಾಕ ಬಂದದ್ದು."

ಬಾಗಿಲು ತೆರೆದಾಗ ಹೊರಗೆ ಇಡೀ ಊರು ನಿಂತಿತ್ತು. ನಮ್ಮ ಡ್ರಿಲ್ ಮಾಸ್ತರನ್ನು ಐದು ಕಡೆಯ ಮಾಸ್ತರರಿಗೆ ಇಂಗ್ಲಿಷ್ ಹೇಳಿಕೊಡಲು ಜೀಪಿನಲ್ಲಿ ಕರೆದೊಯ್ಯುತ್ತಿದ್ದಾರೆಂಬ ಸುದ್ದಿ ಮುಚ್ಚಿದ ಕಿಟಕಿಯನ್ನು ದಾಟಿ ಅದು ಹೇಗೋ ಆಗಲೇ ಹರಡಿತ್ತು. ಹಂಪಮ್ಮ ಟೀಚರು ಹಣೆಗೆ ಕುಂಕುಮವಿಟ್ಟರು. ಭರಮಮ್ಮ ಕಿವಿಯಿಂದ ಕಿವಿಗೆ ನಗುತ್ತಾ ನೋಟ್ಸು ತಂದುಕೊಟ್ಟಳು. ಗಾದಿಲಿಂಗಪ್ಪನಿಗೆ ಕನ್ನಡವೂ ಹೊರಡಲಿಲ್ಲ. ಅವನು ಜೀಪಿನಲ್ಲಿ ಕೂತ ರೀತಿ ನೋಡಿದವರು, ಇಷ್ಟು ದೊಡ್ಡ ವಿದ್ವಾಂಸನಿಗೆ ಎಷ್ಟು ವಿನಯ ಎಂದು ಮೂಗಿನ ಮೇಲೆ ಬೆರಳಿಟ್ಟರು.

ಜೀಪು ಕಾರೇಹಟ್ಟಿ ದಾಟಿ ಕೊಟ್ಟೂರಿನ ರಸ್ತೆ ಹಿಡಿಯಿತು. ಇಳಿಬಿಸಿಲಿಗೆ ಎರಡೂ ಕಡೆಯ ಹೊಲಗಳು ಕೆಂಪಗೆ ಹೊಳೆಯುತ್ತಿದ್ದವು. ಗಾದಿಲಿಂಗಪ್ಪ ನೋಟ್ಸನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ.

"ಸಾರ್, ನಾಳೆ ಎಷ್ಟು ಮಂದಿ ಇಂಗ್ಲಿಷ್ ಮಾಸ್ತರು ಬರ್ತಾರ್ರಿ?"

"ಎಂಬತ್ತು."

"ಎಂಬತ್ತು ಮಂದಿ ಮುಂದ ನಾ ತಪ್ಪು ಹೇಳಿದ್ರ ಒಬ್ಬರಾದ್ರೂ ಹಿಡೀತಾರಲ್ರೀ? ಅವರೆಲ್ಲಾರಿಗೂ ಇಂಗ್ಲಿಷ್ ಬರತೈತಲ್ಲ?"

ಇನ್ಸ್‌ಪೆಕ್ಟರ್ ಪಾಲಾಕ್ಷಪ್ಪನವರು ರಸ್ತೆಯನ್ನೇ ನೋಡುತ್ತಾ ನಿಟ್ಟುಸಿರು ಬಿಟ್ಟರು.

"ಹೆಂಗ ಹೇಳಲಿ ಮಾಸ್ತರ್ರೇ? ಅವರಿಗೆ ಬರತೈತೋ ಇಲ್ಲೋ ತಿಳೀಬೇಕಂದ್ರ, ಮೊದಲ ನಮಗ ಬರಬೇಕಲ್ಲ!"